ಗೂಬೆಯ ಕಿಂಡಿ

ಮಳವಳ್ಳಿಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಗೂಬೆ ಅಪಶಕುನವಲ್ಲ, ರೈತನ ನೆಂಟ ಎಂದು ಬರೆದು ಬರೆದು ಸೀಮೆಸುಣ್ಣ ಸವೆಸಿದವನು. ನಿವೃತ್ತಿಯಾದ ಮೇಲೆ ಮಂಡ್ಯದ ಮನೆಯಲ್ಲಿ ತೆಪ್ಪಗೆ ಕೂರಬಹುದಿತ್ತು. ಕೂರಲಿಲ್ಲ. ಕೊತ್ತತ್ತಿಯಲ್ಲಿ ಗೆಳೆಯನ ಅಕ್ಕಿ ಗಿರಣಿ ಮುಚ್ಚಿ ಬಿದ್ದಿತ್ತು, ಅದನ್ನೇ ಪ್ರಾಣಿಪಕ್ಷಿಗಳ ಮ್ಯೂಸಿಯಂ ಮಾಡುತ್ತೇನೆಂದು ಹೊರಟೆ. ಅವನು ಅದನ್ನು ಕೆಡವಿ ಕಲ್ಯಾಣಮಂಟಪ ಕಟ್ಟಿಸುವವನಿದ್ದ.

"ಸಂಕ್ರಾಂತಿಗಂಟ ಟೈಮು ಕೊಡ್ತೀನಿ ಕಣ್ಲಾ. ಮಕ್ಳು ಬಂದು ನೋಡಂಗಾದ್ರೆ ಇಟ್ಕೊ. ಇಲ್ದಿದ್ರೆ ಒಡೆಸ್ತೀನಿ" ಅಂದ.

ಗಿರಣಿಯ ಗೋಡೆಯಲ್ಲಿ, ಸೂರಿನ ಹತ್ತಿರ, ಒಂದು ಕಿಂಡಿ. ಅದರಲ್ಲೊಂದು ಗೂಬೆ. ಮೊದಲ ದಿನ ಬೀಗ ತೆಗೆದಾಗಲೇ ನನ್ನನ್ನು ದುರುಗುಟ್ಟಿ ನೋಡಿತು. ಶುಭಕಾರ್ಯಕ್ಕೆ ಹೊರಟಾಗ ಇದೇನು ಗ್ರಹಚಾರವಪ್ಪಾ! ಜೀವಶಾಸ್ತ್ರದ ಮೇಷ್ಟ್ರು ಹಾಗೆ ಬಾಯಿಬಿಟ್ಟು ಹೇಳಲಾದೀತೆ? "ಹಿಕ್ಕೆ ಬೀಳುತ್ತೆ, ಶುಚಿತ್ವ ಮುಖ್ಯ" ಎಂದು ಮದ್ದೂರಿನ ಗಾರೆಯವನಿಗೆ ಗಂಭೀರವಾಗಿ ಹೇಳಿ, ಗೂಬೆ ಹೊರಗೆ ಹೋದ ಹೊತ್ತು ನೋಡಿ, ಅವನಿಂದ ಕಿಂಡಿ ಮುಚ್ಚಿಸಿದೆ. ಹಿಂದೆ ಅಲ್ಲೇ ಅಕ್ಕಿ ಕೇರುತ್ತಿದ್ದ ಅಜ್ಜಿಯೊಬ್ಬಳು ಈಗ ಕಸ ಗುಡಿಸಲು ಬರುತ್ತಿದ್ದಳು. ಏನೋ ಹೇಳಲು ಬಂದಳು. ನಾನು ಮಾತಾಡಲು ಬಿಡಲಿಲ್ಲ.

ಆಮೇಲೆ ಗೋಣಿಚೀಲ ಹೊಲಿದು ಬೆಳ್ಳಕ್ಕಿ, ಮುಂಗುಸಿ, ನೀರುನಾಯಿ ಮಾಡಿದೆ. ಒಳಗೆ ತುಂಬಲು ದುಡ್ಡು ಕೊಟ್ಟು ಹತ್ತಿ ತರುವುದೇಕೆ, ಮೂಲೆಯಲ್ಲಿ ಹಳೇ ತೌಡು ಮೂಟೆಗಟ್ಟಲೆ ಬಿದ್ದಿದೆಯಲ್ಲ! ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹಬ್ಬಕ್ಕೆ ವಾರವಿತ್ತು. ದುದ್ದದ ಶಾಲೆಯ ಮಕ್ಕಳು ಬರುವ ದಿನ ಬಾಗಿಲು ತೆಗೆದರೆ ಬೆಳ್ಳಕ್ಕಿಗೆ ಹೊಟ್ಟೆಯೇ ಇಲ್ಲ. ನೀರುನಾಯಿಯ ಬಾಯಿಂದ ಇಲಿಯೊಂದು ಇಣುಕುತ್ತಿತ್ತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

"ಗೂಬೆ ಓಡಿಸ್ಬುಟ್ಟು ಇಲಿ ಸಾಕವ್ರೆ ನಮ್ ಮೇಷ್ಟ್ರು! ಮಿಲ್ಲಿಗೆ ಅದೇ ಕಣಪ್ಪ ಕಾವಲು. ಅವತ್ತೇ ಯೋಳಕ್ಕೆ ಬಂದೆ, ನೀವೆಲ್ಲಿ ಕೇಳೀರಿ?"

ಮಕ್ಕಳು ಬಿದ್ದು ಬಿದ್ದು ನಕ್ಕವು. ಒಬ್ಬಳು ಮಾತ್ರ ನಗದೆ, "ಸಾ, ಗೂಬೆ ಎಲ್ಲೋಯ್ತು?" ಅಂದಳು. ನಾಚಿಕೆಯಿಂದ ಕುಗ್ಗಿಹೋದೆ. ಮುಚ್ಚಿದ ಕಿಂಡಿ ತೋರಿಸಿ, "ನನಗೆ ಭಯವಾಯಿತಮ್ಮ, ಅದಕ್ಕೇ ಓಡಿಸಿದೆ" ಎಂದೆ.

ಬಾಗಿಲಲ್ಲಿ ನಿಂತಿದ್ದ ಗೆಳೆಯ ಇದನ್ನೆಲ್ಲ ಕೇಳಿಸಿಕೊಂಡ. "ನಮ್ಮಪ್ಪನ ಕಾಲದ ಗೂಬೆ ಕಣ್ಲಾ ಅದು. ವಾಪಸ್ ಬಂದ್ರೆ ಮ್ಯೂಸಿಯಂ ಇರ್ಲಿ. ಬರ್ನಿಲ್ಲ ಅಂದ್ರೆ ಅಬ್ಬದ ಮಾರನೇ ದಿನ ಒಡೆಸ್ತೀನಿ."

ಹಾರೆ ಹಿಡಿದು ನಾನೇ ಕಿಂಡಿ ಬಿಡಿಸಿದೆ. ಅವತ್ತಿನಿಂದ ದಿನಾ ಮೊದಲನೇ ಬಸ್ಸು ಹತ್ತಿ ಬಂದು ಕತ್ತು ನೋಯುವವರೆಗೆ ಮೇಲೆ ನೋಡುತ್ತಿದ್ದೆ. ಬೆಳಗೆದ್ದು ಗೂಬೆ ಮುಖ ತೋರಿಸಪ್ಪಾ ಎಂದು ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತ ಜೀವಶಾಸ್ತ್ರದ ಮೇಷ್ಟ್ರು ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹಬ್ಬದ ಬೆಳಿಗ್ಗೆಯೂ ಕಿಂಡಿ ಖಾಲಿ. ಆದರೆ ಅದರ ಕೆಳಗೆ ನೆಲದ ಮೇಲೊಂದು ಕಪ್ಪು ಉಂಡೆ. ಕೂದಲು, ಮೂಳೆಚೂರು, ನಡುವೆ ಇಲಿಯ ಪುಟ್ಟ ತಲೆಬುರುಡೆ. ಗೂಬೆ ನುಂಗಿ ಕಕ್ಕಿದ್ದು! ಅಜ್ಜಿ "ಥೂ, ಗಲೀಜು" ಎಂದು ಪೊರಕೆ ಎತ್ತಿದಳು. ಬೇಡಮ್ಮಾ ಎಂದು ಕಿರುಚಿ ಅಡ್ಡ ಬಿದ್ದೆ.

ಬೊಗಸೆಯಲ್ಲಿ ಹಿಡಿದುಕೊಂಡೇ ಗೆಳೆಯನ ಮನೆಗೆ ಓಡಿದೆ. ಎಳ್ಳುಬೆಲ್ಲದ ತಟ್ಟೆ ಹಿಡಿದು ಬಂದವನು ನನ್ನ ಕೈಯನ್ನೇ ನೋಡಿದ. "ರಾತ್ರಿ ಗೂಬೆ ಬಂದಿತ್ತು ಕಣೋ" ಎಂದೆ.

"ಒಡೆಸಾಕಿಲ್ಲ ಬುಡ್ಲಾ," ಅಂದ. "ಮೊದ್ಲು ಕೈ ತೊಳ್ಕೊಂಡು ಬಾ, ಎಳ್ಳು ಕೊಡ್ತೀನಿ."