ಹಸಿದಿರಬೇಕಾದ ನಾಲ್ಕು ಮಡಿ

ಉಚ್ಚೆಂಗಮ್ಮನ ಕೆಲಸ ಕಳೆದಾಂವ ನಾನ. ಮತ್ತ್ಯಾರ ಮ್ಯಾಲೂ ಹಾಕಾಕ ಬರಂಗಿಲ್ಲ.

ಚೋರನೂರಾಗ ಜೋಳದ ಮ್ಯಾಲೆ ನಮ್ಮ ಆಫೀಸಿನ ಪ್ರಯೋಗ ನಡೆದಿತ್ತು. ಹೊಲಾನ ಬದು ಹಾಕಿ ಹದಿನಾರು ಸಣ್ಣ ಮಡಿ ಮಾಡಿದ್ವಿ. ಮೂರು ನಮೂನಿ ಹೊಸ ಗೊಬ್ಬರ, ಒಂದೊಂದಕ್ಕೂ ನಾಲ್ಕು ಮಡಿ. ಇನ್ನ ನಾಲ್ಕು ಮಡಿಗೆ ಏನೂ ಹಾಕಂಗಿದ್ದಿಲ್ಲ. ಯಾವ ಮಡಿಗೆ ಯಾವುದು ಅಂತ ಚೀಟಿ ಎತ್ತಿ ಗೂಟ ಬಡಿದಾಂವ ನಾನು. ಹೊಲ ಕಾಯಾಕ ಉಚ್ಚೆಂಗಮ್ಮ ಇದ್ಲು. ಅರವತ್ತು ದಾಟಿದಾಕಿ, ಗಂಡ ಇಲ್ಲ, ಆ ಕಾವಲು ಕೆಲಸಾನ ಆಸರ. ಕವಣಿ ಬೀಸಿದ್ಲಂದ್ರ ಒಂದು ಗುಬ್ಬಿನೂ ತೆನಿ ಮ್ಯಾಲೆ ಕೂಡ್ತಿದ್ದಿಲ್ಲ. ಮಧ್ಯಾಹ್ನ ಕೂಲ್ಯಾರು ಸಾಲಾಗಿ ಕುಂತ್ರ ತನ್ನ ಬುತ್ತಿ ಬಿಚ್ಚಿ ಈ ತುದಿಯಿಂದ ಆ ತುದಿತನಕ ಪುಂಡಿಪಲ್ಯ ಹಾಕಾಕಿ. ಒಬ್ಬರ್ನೂ ಬಿಡಾಕಿಯಲ್ಲ. "ಪಂಕ್ತಿಭೇದ ಮಾಡಿದ್ರ ಪಾಪ ಸುತ್ಕೊಂತೈತಿ" ಅನ್ನಾಕಿ.

ಒಂದಿನ ಕೇಳಿದ್ಲು, "ಪಂಪೇಶ್ ಸಾರ್, ಈ ನಾಲ್ಕು ಮಡಿಗ್ಯಾಕ ಏನೂ ಇಲ್ರಿ?"

"ನಿನಗ್ಯಾಕ ಬೇಕವ್ವಾ ಅದು? ಸುಮ್ನ ಹಕ್ಕಿ ಹೊಡಿ" ಅಂದೆ. ಸಂಡೂರಿನ ಬಸ್ಸು ತಪ್ಪತೈತಿ ಅಂತ ನನಗ ಅವಸರ.

ರಾಶಿ ತೂಗಿದ್ರ ಹದಿನಾರು ಮಡಿನೂ ಹೆಚ್ಚುಕಮ್ಮಿ ಒಂದ ತೂಕ! ಮತ್ತೊಮ್ಮೆ ತೂಗಿಸಿದೆ, ಅದ ತೂಕ. ಉಚ್ಚೆಂಗಮ್ಮ ನಕ್ಕೊಂತ ಬಂದ್ಲು. "ಆ ನಾಲ್ಕು ಪಾಪ ಹಸಗೊಂಡು ನಿಂತಿದ್ವು ಸಾರ್. ನಮ್ಮ ಆಡಿನ ಗೊಬ್ಬರ ಹೊತ್ತು ತಂದು ಹಾಕೀನಿ. ಹೆಂಗ ಬಂದಾವ ನೋಡ್ರಿ!"

ಕೂಲ್ಯಾರ ಮುಂದನ ಬಾಯಿಗೆ ಬಂದಂಗ ಬೈದೆ. ವರ್ಷದ ದುಡಿಮಿ ಮಣ್ಣುಪಾಲಾತಲ್ಲ ಅನ್ನೋ ಸಿಟ್ಟು. ಹೊಸಪೇಟಿ ಆಫೀಸಿಗೆ ಬಂದು, ಕಾವಲಿನಾಕಿಯಿಂದ ಪ್ರಯೋಗ ಕೆಟ್ಟಿತು ಅಂತ ಬರದು ಕೊಟ್ಟೆ. ಆಕಿನ್ನ ಕೆಲಸದಿಂದ ತಗದ್ರು. ಆಕಿ ಕೇಳಿದಾಗ ನಾ ಏನಂದಿದ್ದೆ ಅನ್ನೋದನ್ನ ಮಾತ್ರ ಬರೀಲಿಲ್ಲ.

ಈ ವರ್ಷ ಅದ ಹೊಲದಾಗ ಮತ್ತ ಪ್ರಯೋಗ ಹೂಡಿದ್ವಿ. ಹೊಸ ಕಾವಲುಗಾರ ಯಲ್ಲೇಶನಿಗೆ ಕುಂದ್ರಿಸಿ ಬಿಡಿಸಿ ಹೇಳಿದೆ. ಏನೂ ಹಾಕದ ಮಡಿ ಪಕ್ಕದಾಗ ಇದ್ರನ, ತೆನಿ ದಪ್ಪಾಗಿದ್ದು ಹೊಸ ಗೊಬ್ಬರಕ್ಕೋ ಮಳಿಗೋ ಅಂತ ತಿಳಿಯೂದು. ಎರಡ ಮಾತು, ಅಷ್ಟ. ಉಚ್ಚೆಂಗಮ್ಮ ಕಳೆ ತಗ್ಯಾಕ ದಿನಗೂಲಿಗೆ ಬಂದಿದ್ಲು. ಬದುವಿನ ಮ್ಯಾಲೆ ನಿಂತು ಎಲ್ಲಾ ಕೇಳಿಸ್ಕೊಂಡ್ಲು.

"ಇದನ್ನ ಅವತ್ತ ಹೇಳಿದ್ರ ನಾ ಹಾಕ್ತಿದ್ದೆನೇನ್ರಿ ಸಾರ್?" ಅಂದ್ಲು.

ಥೂ ನನ್ನ ಜನ್ಮಕ್ಕಿಷ್ಟು!

ಮಧ್ಯಾಹ್ನ ಕೂಲ್ಯಾರ ಸಾಲಿನ ಕೊನಿಗೆ ಹೋಗಿ ಕುಂತೆ. ಆಕಿ ಬುತ್ತಿ ಬಿಚ್ಚಿ ಆ ತುದಿಯಿಂದ ಹಾಕ್ಕೊಂತ ಬಂದ್ಲು. ನನ್ನ ಮುಂದೂ ಬಗ್ಗಿ, ಎಲ್ಲರಿಗೂ ಹಾಕಿದಷ್ಟ ಪಲ್ಯ ನನ್ನ ರೊಟ್ಟಿ ಮ್ಯಾಲೂ ಹಾಕಿದ್ಲು.