ಬೆನ್ನ ಹಿಂದೆ ನಿಂತವನು

ಮೊದಲ ಏಟು ಹೊಡೆದೆ. ಸದ್ದು ಹೋಯಿತು, ತಿರುಗಿ ಬರಲಿಲ್ಲ. ಇನ್ನೊಂದು ಹೊಡೆದೆ, ಅದೂ ಅಷ್ಟೇ. ಮಾಮೂಲ್‌ಪೇಟೆಯ ಒಂದು ಅಂಗಡಿಯ ಮಹಡಿಯಲ್ಲಿ, ಸೂರು ಮುಟ್ಟುವಂತೆ ಒಟ್ಟಿದ ಜಮಖಾನ, ಕಂಬಳಿಗಳ ಕಟ್ಟುಗಳ ನಡುವೆ ಕೂತು ಬೆಂಗಳೂರಿನಲ್ಲಿ ನಾನು ಮೊದಲ ಸಲ ಡ್ರಮ್ ಬಾರಿಸಿದ್ದು ಹೀಗೆ. ನಮ್ಮ ಗದಗ-ಬೆಟಗೇರಿಯ ಓಣಿಗಳಲ್ಲಿ ಹೊಡೆದ ಏಟು ಈ ಗೋಡೆಗೆ ಬಡಿದು, ಆ ಗೋಡೆಗೆ ಬಡಿದು, ನಮ್ಮ ಕಿವಿಗೇ ವಾಪಸು ಬರುತ್ತದೆ. ಇಲ್ಲಿ ನನ್ನ ಏಟನ್ನೆಲ್ಲ ಆ ಕಟ್ಟುಗಳು ನುಂಗಿ ಸುಮ್ಮನೆ ಕೂತಿದ್ದವು. ಇವರು ಬೇಕಂತಲೇ ಕೆಟ್ಟ ಡ್ರಮ್ ಕೊಟ್ಟಿದ್ದಾರೆ, ನಾನು ಕೆಟ್ಟದಾಗಿ ಬಾರಿಸಿದ ಮೇಲೆ ಊರಿಗೆ ಅಟ್ಟುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಬೆಂಗಳೂರಿಗೆ ಬಂದು ಅದು ಎರಡನೇ ದಿನ.

ನನ್ನ ಸ್ವಭಾವವೇ ಹಾಗೆ. ಯಾರಾದರೂ ಹಾಲು ಕೊಟ್ಟರೆ ನೀರೆಷ್ಟು ಬೆರೆಸಿದ್ದಾರೆ ಎಂದು ಮೊದಲು ನೋಡುವವಳು ನಾನು ಎಂದು ಅವ್ವ ಹೇಳುತ್ತಾಳೆ. ಅಪ್ಪ ಬೆಟಗೇರಿಯಲ್ಲಿ ಮದುವೆ ಮೆರವಣಿಗೆಗಳಿಗೆ ಬಾರಿಸುವ ಬ್ಯಾಂಡ್ ಕಂಪನಿ ನಡೆಸುತ್ತಾರೆ. ನಿಮ್ಮಲ್ಲಿ ಅನೇಕರ ಮದುವೆಗೆ ಅವರೇ ಬಾರಿಸಿರಬೇಕು. ಸೈಡ್ ಡ್ರಮ್ಮಿನವನು ಕೈಕೊಟ್ಟ ದಿನ ಅಪ್ಪ ನನಗೇ ಕೆಂಪು ಕೋಟು ಹಾಕಿಸಿ, ಟೊಪ್ಪಿಗೆಯೊಳಗೆ ಜಡೆ ತುರುಕಿಸಿ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅಂಥದೊಂದು ಮೆರವಣಿಗೆಯಲ್ಲಿ ಗಂಡಿನ ಕಡೆಯ ನೆಂಟನಾಗಿ ಬಂದಿದ್ದ ಮಹೇಶ ನನ್ನ ಕೈಗಳನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಹೋದ. ತಿಂಗಳು ಕಳೆದು ಅಪ್ಪನಿಗೆ ಫೋನು ಬಂತು. ಬೆಂಗಳೂರಿನಲ್ಲಿ ತಾನು ರಾಕ್ ಬ್ಯಾಂಡ್ ಕಟ್ಟುತ್ತಿದ್ದೇನೆ, ನಿಮ್ಮ ಮಗಳು ಬೇಕು ಎಂದ. ಅಪ್ಪ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ, ಅಲ್ಲಿ ನಿಂತು ಬಾರಿಸಬೇಕೋ ಕೂತು ಬಾರಿಸಬೇಕೋ ಎಂದು ಮಾತ್ರ ಕೇಳಿದರು. ಕೂತು ಎಂದಾಗ ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಮಹೇಶನ ಮನೆತನ ತಲೆಮಾರುಗಳಿಂದ ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದದ್ದು. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಅವನ ತಂದೆ ಕೆಳಗೆ ಗಲ್ಲಾದಲ್ಲಿ ಕೂರುತ್ತಾರೆ, ಮಗ ಮೇಲೆ ಗಿಟಾರ್ ಕಿರುಚಿಸುತ್ತಾನೆ. ಅಭ್ಯಾಸ ಭಾನುವಾರ ಇಡೀ ದಿನ, ಉಳಿದ ದಿನ ಅಂಗಡಿ ಬಾಗಿಲು ತೆಗೆಯುವ ತನಕ. ಬೇಸ್ ಗಿಟಾರ್ ನುಡಿಸುವವನು ಮುನಿರಾಜು. ಅವನ ಮನೆಯವರದು ಮಲ್ಲೇಶ್ವರಂ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ, ಬೆಳಗಿನ ಲೋಡು ಇಳಿಸಿ ಅದೇ ವ್ಯಾನಿನಲ್ಲಿ ಬರುತ್ತಾನೆ. ಮೂವರೇ ನಾವು. ಬ್ಯಾಂಡಿನ ಹೆಸರು ‘ಜಮಖಾನ’. ಆ ಗೋದಾಮಿನಲ್ಲಿ ಗುಂಯ್‌ಗುಟ್ಟುವ ಯಾವ ಸದ್ದೂ ಉಳಿಯುವುದಿಲ್ಲವಾದ್ದರಿಂದ ನಮ್ಮ ಸಂಗೀತವೇ ಒಣಗಿದಂತೆ, ಎದೆಗೆ ಗುದ್ದಿದಂತೆ ಆಗಿಬಿಟ್ಟಿದೆ. ಹೊರಗೆ ಬಾರಿಸಲು ಹೋದಾಗ ಎಂಟು ಜಮಖಾನ ಹೊತ್ತೊಯ್ದು ವೇದಿಕೆಯ ಸುತ್ತ ಇಳಿಬಿಡುತ್ತೇವೆ, ಇಲ್ಲದಿದ್ದರೆ ನಮ್ಮ ಸದ್ದು ನಮಗೇ ಗುರುತು ಹತ್ತುವುದಿಲ್ಲ. ಡ್ರಮ್ ಕೆಟ್ಟಿರಲಿಲ್ಲ ಎಂಬುದು ನನಗೆ ತಿಳಿದದ್ದು ಅದನ್ನು ಬಯಲಿನಲ್ಲಿ ಬಾರಿಸಿದ ದಿನ, ಅಂದರೆ ಒಂದೂವರೆ ತಿಂಗಳ ಮೇಲೆ.

ನಾನಿರುವುದು ಚಾಮರಾಜಪೇಟೆಯಲ್ಲಿ, ಮಹೇಶನ ಮನೆಯ ಮೇಲಿನ ಒಂದು ಕೋಣೆಯಲ್ಲಿ. ಅವನ ತಾಯಿ ಗಿರಿಜಮ್ಮ ಮೊದಲ ದಿನವೇ ನಮ್ಮ ಮನೆ, ಮಠ, ಅವ್ವನ ತವರು, ತಂಗಿಗೆ ಗಂಡು ಗೊತ್ತಾಗಿದೆಯೇ, ಮದುವೆ ಯಾವಾಗ ಎಂಬುದನ್ನೆಲ್ಲ ವಿಚಾರಿಸಿದರು. ಪೊಲೀಸರು ಕೂಡ ಅಷ್ಟು ಕೇಳಿರಲಾರರು. ನಮ್ಮೂರಿನಲ್ಲೂ ಕೇಳುತ್ತಾರೆ, ಆದರೆ ಕೇಳಿದ ಮೇಲೆ ತಮ್ಮದನ್ನೂ ಹೇಳುತ್ತಾರೆ. ಈಕೆ ಎಲ್ಲ ಕೇಳಿಕೊಂಡು ‘ಸರಿ’ ಎಂದಷ್ಟೇ ಹೇಳಿ ಒಳಗೆ ಹೋದರು. ಆಮೇಲೆ ದಿನವೂ ಮೆಟ್ಟಿಲ ಮೇಲೆ ಒಂದು ಡಬ್ಬಿ ಇಡತೊಡಗಿದರು. ಒಳಗೆ ಬೆಲ್ಲ ಹಾಕಿದ ಸಾರು, ಅನ್ನ, ಒಂದೊಂದು ದಿನ ಮುದ್ದೆ. ಬೆಲ್ಲ ಹಾಕಿದ ಸಾರು ಉಂಡವರ ಮಾತೂ ಹಾಗೇ ಇರುತ್ತದೆ ಎಂದು ನನಗೆ ಅನುಮಾನ. ಜೋಳದ ರೊಟ್ಟಿ ಹುಡುಕಿಕೊಂಡು ಶೇಷಾದ್ರಿಪುರಂವರೆಗೆ ಅಲೆದು, ಕೊನೆಗೆ ಸಿಕ್ಕಿದ್ದು ಹಪ್ಪಳದಂತೆ ಮುರಿಯುವ ರೊಟ್ಟಿ. ಅದನ್ನು ಕೈಯಲ್ಲಿ ಹಿಡಿದು ಮೆಟ್ರೋದಲ್ಲಿ ಅತ್ತುಬಿಟ್ಟೆ. ಎದುರಿಗೆ ಕೂತವರು ನೋಡಲಿಲ್ಲ. ಗದಗ ಬಸ್ಸಿನಲ್ಲಿ ಹೀಗೆ ಅತ್ತಿದ್ದರೆ ಇಳಿಯುವಷ್ಟರಲ್ಲಿ ಅರ್ಧ ಬಸ್ಸಿಗೆ ನನ್ನ ಕಥೆ ಗೊತ್ತಾಗಿರುತ್ತಿತ್ತು.

ಇಲ್ಲಿಯವರ ‘ನೋಡೋಣ’ ಎಂಬ ಮಾತು ಬಹಳ ಅಪಾಯದ್ದು. ನಲ್ಲಿ ಸರಿಮಾಡಿಸುತ್ತೀರಾ ಎಂದರೆ ನೋಡೋಣ. ಹಾಡಿನ ನಡುವೆ ನನಗೊಬ್ಬಳಿಗೇ ನಾಲ್ಕು ಸುತ್ತು ಬಾರಿಸಲು ಬಿಡಿ ಎಂದರೂ ನೋಡೋಣ. ನಮ್ಮ ಕಡೆ ಆಗದಿದ್ದರೆ ಆಗೂದಿಲ್ಲ ಹೋಗ್ ಎಂದು ಮುಖಕ್ಕೆ ಹೇಳಿ, ಮರುಗಳಿಗೆ ಚಹಾ ಕುಡಿಸುತ್ತಾರೆ. ಇಲ್ಲಿ ಚಹಾ ಮೊದಲು, ಉತ್ತರ ಎಂದೋ. ನಾಲ್ಕು ಸುತ್ತು ಮಾತ್ರ ಸಿಕ್ಕಿತು. ಒಂದು ಭಾನುವಾರ ಮಹೇಶ ಏನೂ ಹೇಳದೆ ಹಾಡಿನ ನಡುವೆ ಗಿಟಾರ್ ನಿಲ್ಲಿಸಿಬಿಟ್ಟ. ನಾನು ನಮ್ಮ ಮೆರವಣಿಗೆಯ ಪೆಟ್ಟನ್ನು, ಬೀಗರನ್ನು ಎದುರುಗೊಳ್ಳುವಾಗ ಬಾರಿಸುತ್ತೇವಲ್ಲ ಅದನ್ನು, ನಾಲ್ಕು ಸುತ್ತು ಬಾರಿಸಿದೆ. ಕೆಳಗೆ ಲೆಕ್ಕ ಬರೆಯುತ್ತಿದ್ದ ಅವನ ತಂದೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಕೇಳಿ ಹೋದರು. ಅಂದು ಖುಷಿಯಾಯಿತು. ಬೆಂಗಳೂರಿನಲ್ಲಿ ನನಗೂ ಒಂದು ಜಾಗ ಸಿಕ್ಕಿತು ಅನಿಸಿತು.

ಅದಾಗಿ ಎರಡು ವಾರಕ್ಕೆ ಕಾರ್ತಿಕ್ ಬಂದ.

ಎಲ್ಲವನ್ನೂ ಮುಖಕ್ಕೇ ಹೇಳುವ ನಮ್ಮ ಕಡೆಯ ಬ್ಯಾಂಡ್ ಕಂಪನಿಗಳಲ್ಲಿ ಒಂದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಬಾರಿಸುವವನೊಬ್ಬನನ್ನು ಬಿಡಿಸಬೇಕಾದಾಗ ಮಾಸ್ತರರು ಹೊಸಬನನ್ನು ಕರೆತಂದು ಅವನ ಬೆನ್ನ ಹಿಂದೆ ನಿಲ್ಲಿಸುತ್ತಾರೆ. ಹೊಸಬ ಬಾರಿಸುವುದಿಲ್ಲ, ಕೈ ನೋಡುತ್ತಾನೆ ಅಷ್ಟೇ. ಎರಡು ಮೂರು ಮೆರವಣಿಗೆ ಹೀಗೇ ನಡೆಯುತ್ತದೆ. ಹಳಬ ಮರ್ಯಾದಸ್ಥನಾದರೆ ಅರ್ಥ ಮಾಡಿಕೊಂಡು, ಕೊನೆಯ ಮೆರವಣಿಗೆ ಮುಗಿದೊಡನೆ ಕೋಲುಗಳೆರಡನ್ನೂ ಡ್ರಮ್ಮಿನ ಮೇಲೆ ಅಡ್ಡವಿಟ್ಟು, ಯಾರಿಗೂ ಹೇಳದೆ ಹೋಗಿಬಿಡುತ್ತಾನೆ. ಆ ಕೋಲುಗಳನ್ನು ಬೇರೆಯವರು ಎತ್ತಬಾರದು. ಅಪ್ಪ ಹೀಗೆ ಮೂವರನ್ನು ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಅವರಲ್ಲೊಬ್ಬ ನನಗೆ ಕೋಲು ಹಿಡಿಯಲು ಕಲಿಸಿದವನು.

ಕಾರ್ತಿಕ್‌ಗೆ ಮೂವತ್ತರ ಮೇಲೆ ವಯಸ್ಸು. ಬ್ಯಾಂಕಿನಲ್ಲಿ ಕೆಲಸ, ಬಿಡುವಿನಲ್ಲಿ ಡ್ರಮ್. ಅಂದು ಬಂದವನೇ ನೇರ ನನ್ನ ಬೆನ್ನ ಹಿಂದೆ, ಕಂಬಳಿ ಕಟ್ಟಿಗೆ ಒರಗಿ ನಿಂತ. ಜೇಬಿನಲ್ಲಿ ಅವನದೇ ಕೋಲುಗಳಿದ್ದವು. ಇವರು ಯಾರು ಎಂದು ಮಹೇಶನನ್ನು ಕೇಳಿದೆ.

“ಸುಮ್ನೆ ನೋಡ್ತಾನೆ ಅಷ್ಟೇ,” ಎಂದ ಮಹೇಶ. “ನೀನು ಬಾರ್ಸು ಗುರು.”

ಮೂರು ಭಾನುವಾರ ಅವನು ಹಾಗೇ ನಿಂತ. ಎಲ್ಲರೂ ಏನೂ ಆಗದವರಂತೆ ನಗುತ್ತ ಕಾಫಿ ಕುಡಿಯುತ್ತಿದ್ದರು. ಗಿರಿಜಮ್ಮನ ಡಬ್ಬಿಯಲ್ಲಿ ಅಂದಿನಿಂದ ಸಿಹಿ ಹೆಚ್ಚಾಯಿತು ಅಂತಲೂ ಅನಿಸಿತು. ಹೋಗುವವಳಿಗೆ ಉಪಚಾರ ಎಂದುಕೊಂಡೆ. ಬಾಯಿಬಿಟ್ಟು ಕೇಳಿಬಿಡಬಹುದಿತ್ತು, ಆದರೆ ಹಿಂದೆ ನಿಲ್ಲಿಸಿದ ಮೇಲೆ ಕೇಳುವುದು ಭಿಕ್ಷೆ ಬೇಡಿದಂತೆ ಎಂದೇ ನಾನು ಬೆಳೆದದ್ದು. ಕೋಣೆಯಲ್ಲಿ ಬಟ್ಟೆಗಳನ್ನು ಮಡಚಿಟ್ಟುಕೊಳ್ಳತೊಡಗಿದೆ.

ಅಷ್ಟರಲ್ಲಿ ನಮ್ಮ ಮೊದಲ ಪ್ರವಾಸ ಹೊರಟಿತು. ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಮೂರೂ ಕಾಲೇಜುಗಳ ಕಾರ್ಯಕ್ರಮ. ಪ್ರವಾಸವೆಂದರೆ ದೊಡ್ಡ ಬಸ್ಸು, ಹೋಟೆಲು ಎಂದು ನೀವು ಅಂದುಕೊಳ್ಳಬೇಡಿ. ಮುನಿರಾಜುವಿನ ತರಕಾರಿ ವ್ಯಾನು. ಹಿಂದೆ ಜಮಖಾನಗಳ ಮೇಲೆ ನಾನು, ಡ್ರಮ್ಮುಗಳು, ತೊಳೆದರೂ ಹೋಗದ ಕೊತ್ತಂಬರಿ ಸೊಪ್ಪಿನ ವಾಸನೆ. ಬಿಸಿಲಿಗೆ ಗಿಟಾರಿನ ತಂತಿಗಳು ಸಡಿಲಾಗುತ್ತವೆ, ಊರೂರಿಗೂ ಇಳಿದ ಕೂಡಲೇ ಮತ್ತೆ ಬಿಗಿಯಬೇಕು. ಧ್ವನಿವರ್ಧಕದವರು ನಮ್ಮ ಜಮಖಾನ ನೋಡಿ, ಊಟಕ್ಕೆ ಕೂರುತ್ತೀರಾ ಎಂದು ಕೇಳುತ್ತಾರೆ. ಇದೆಲ್ಲ ನನಗೆ ಇಷ್ಟವಾಗತೊಡಗಿತ್ತು, ಅದೇ ಹೊಟ್ಟೆ ಉರಿಸುತ್ತಿತ್ತು. ದಾವಣಗೆರೆಯಲ್ಲಿ ವೇದಿಕೆ ಹತ್ತಿ ತಿರುಗಿ ನೋಡಿದರೆ, ರೈಲಿನಲ್ಲಿ ಬಂದಿದ್ದ ಕಾರ್ತಿಕ್ ಜಮಖಾನದ ಪಕ್ಕ ನಿಂತಿದ್ದ. ಹುಬ್ಬಳ್ಳಿಯಲ್ಲೂ ನಿಂತ.

ಹುಬ್ಬಳ್ಳಿಗೆ ಅಪ್ಪ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ, ಕಾಲೇಜು ಮಕ್ಕಳ ನಡುವೆ ಕೂತಿದ್ದರು. ಸಂಜೆ ಆರಕ್ಕೆ ಶುರುಮಾಡಿದೆವು. ನನ್ನ ನಾಲ್ಕು ಸುತ್ತು ಬಂದಾಗ ಮಕ್ಕಳೆಲ್ಲ ಎದ್ದು ಕುಣಿದರು. ಅದು ಯಾವ ಪೆಟ್ಟೆಂದು ಅವರಿಗೆ ರಕ್ತದಲ್ಲೇ ಗೊತ್ತು. ಅಪ್ಪ ಮಾತ್ರ ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ಹಿಂದೆ ನಿಂತವನನ್ನು ನೋಡುತ್ತಿದ್ದರು. ಮುಗಿದ ಮೇಲೆ ವೇದಿಕೆಯ ಪಕ್ಕಕ್ಕೆ ಬಂದು ಚೆನ್ನಾಗಿತ್ತು ಎಂದೂ ಹೇಳಲಿಲ್ಲ.

“ಹಿಂದ ನಿಂದ್ರಿಸ್ಯಾರಲ್ಲ ಯವ್ವಾ,” ಎಂದರು. “ನೀನಾಗೇ ಇಟ್ಟು ಬಾ.”

ಅಪ್ಪನೇ ಹೇಳಿದ ಮೇಲೆ ಇನ್ನೇನು ಉಳಿಯಿತು. ಮಹೇಶ, ಮುನಿರಾಜು ವ್ಯಾನಿನ ಹತ್ತಿರವಿದ್ದರು. ನಾನು ಕೋಲುಗಳನ್ನು ಡ್ರಮ್ಮಿನ ಮೇಲೆ ಅಡ್ಡವಿಟ್ಟೆ. ಮನೆಗೆ ಹೋಗಿ ಬರ್ತೀನಿ ಎಂದು ಮಹೇಶನಿಗೆ ಸಂದೇಶ ಕಳಿಸಿ, ಫೋನು ಆರಿಸಿ, ಅಪ್ಪನ ಜೊತೆ ಗದಗ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಎದೆಯಲ್ಲಿ ಬೆಂಕಿ ಇತ್ತು. ನಾಲ್ಕು ಸುತ್ತು ಕೊಟ್ಟು, ನಮ್ಮೂರಿನ ಪೆಟ್ಟನ್ನು ನನ್ನಿಂದ ಕಲಿತುಕೊಂಡು, ಅದನ್ನು ಇನ್ನೊಬ್ಬನಿಗೆ ದಾಟಿಸುತ್ತಿದ್ದಾರಲ್ಲ ಎಂದು.

ಮರುದಿನ ಬೆಳಿಗ್ಗೆ ಅವ್ವ ಮಂಡಕ್ಕಿ ಒಗ್ಗರಣೆ ಹಾಕುತ್ತಿರುವಾಗ ಓಣಿಯಲ್ಲಿ ಮುನಿರಾಜುವಿನ ವ್ಯಾನು ನಿಂತಿತು. ಮೊದಲು ಇಳಿದವನು ಅವನೇ. ಎರಡೂ ಕೈಯಲ್ಲಿ ನನ್ನ ಡ್ರಮ್ಮನ್ನು ತುಂಬಿದ ಕೊಡದಂತೆ ಹಿಡಿದಿದ್ದ. ಅಡ್ಡವಿಟ್ಟ ಕೋಲುಗಳು ಇದ್ದಲ್ಲೇ ಇದ್ದವು, ಅಲುಗಾಡದಂತೆ ಮೇಲೆ ಟೇಪು ಅಂಟಿಸಿದ್ದ. ಅದೇನೋ ನಿಮ್ಮ ಕಡೆಯ ಪದ್ಧತಿ ಇರಬೇಕು, ಮುಟ್ಟಬಾರದೇನೋ ಎಂದು ಹಾಗೇ ತಂದೆವು ಎಂದ. ಹಿಂದೆ ಮಹೇಶ, ಅವನ ಹಿಂದೆ ಕಾರ್ತಿಕ್. ಮಧ್ಯಾಹ್ನ ಬೆಳಗಾವಿ ಮುಟ್ಟಬೇಕು, ತಿಂಡಿ ಆಗಿದ್ದರೆ ಹೊರಡೋಣವಾ ಎಂದು ಮಹೇಶ ಸಹಜವಾಗಿ ಕೇಳಿದ.

ಅಪ್ಪ ಕಟ್ಟೆಯಿಂದ ಇಳಿದು ಕಾರ್ತಿಕ್‌ನ ಎದುರು ನಿಂತರು. ನನ್ನ ಮಗಳ ಬೆನ್ನ ಹಿಂದೆ ಇವನನ್ನು ಯಾಕೆ ನಿಲ್ಲಿಸಿದಿರಿ ಎಂದು ನೇರವಾಗಿ ಕೇಳಿದರು. ಮೂವರನ್ನು ಹಾಗೆ ಬಾಯಿಬಿಡದೆ ಕಳಿಸಿದ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಅಂದೇ ಮೊದಲು.

“ಮುಂದಿನ ತಿಂಗ್ಳು ಇವ್ಳ ತಂಗಿ ಮದುವೆ ಅಲ್ವಾ ಅಂಕಲ್,” ಎಂದ ಮಹೇಶ. “ಅವತ್ತೇ ಮೈಸೂರಲ್ಲಿ ಶೋ ಇದೆ. ಈ ಹುಡುಗಿ ರಜಾ ಕೇಳಲ್ಲ, ನೀವೇ ಏನಾದ್ರೂ ಮಾಡಿ ಅಂತ ನಮ್ಮಮ್ಮ ಅಂದ್ರು. ಅದಕ್ಕೇ ಒಂದಿನದ ಮಟ್ಟಿಗೆ ಇವ್ನು ಕಲೀತಿದಾನೆ.”

ನನಗೆ ಯಾಕೆ ಹೇಳಲಿಲ್ಲ ಎಂದು ಕೂಗಿದೆ. ಹೇಳಿದ್ದರೆ ನಿನ್ನ ಜಾಗ ಹೋಗುತ್ತದೆಂದು ಹೆದರಿ ಮದುವೆಗೇ ಹೋಗುತ್ತಿರಲಿಲ್ಲ ಎಂದ. ಅದು ನಿಜ, ಖಂಡಿತ ಹೋಗುತ್ತಿರಲಿಲ್ಲ. ಮೊದಲ ದಿನ ಗಿರಿಜಮ್ಮ ಅಷ್ಟೆಲ್ಲ ಕೇಳಿದ್ದು ಸುಮ್ಮನೆ ಕೇಳಿರಲಿಲ್ಲ, ನೆನಪಿಟ್ಟುಕೊಂಡಿದ್ದರು. ಅಪ್ಪ ಎಲ್ಲರನ್ನೂ ಒಳಗೆ ಕರೆದು ಮಂಡಕ್ಕಿ ಬಡಿಸಲು ಹೇಳಿದರು. ಕೋಲು ಇಟ್ಟವಳೇ ಎತ್ತಬೇಕು ಎಂದು ನನಗೆ ನೆನಪಿಸಿದರು. ಟೇಪು ಕಿತ್ತು ಎತ್ತಿಕೊಂಡೆ, ಬೆಳಗಾವಿಗೆ ಹೋದೆ, ಬಾರಿಸಿದೆ.

ಇಷ್ಟಾದ ಮೇಲೆ ನನ್ನ ಅನುಮಾನ ಹೋಯಿತು ಎಂದು ನೀವು ತಿಳಿದರೆ ನನ್ನನ್ನು ನೀವಿನ್ನೂ ಅರಿತಿಲ್ಲ. ಒಂದು ದಿನಕ್ಕೆಂದು ಕಲಿತವನು ಎರಡನೇ ದಿನಕ್ಕೂ ಉಳಿದರೆ? ಆ ನಾಲ್ಕು ಸುತ್ತನ್ನು ಅವನು ನನಗಿಂತ ಚೆನ್ನಾಗಿ ಬಾರಿಸಿಬಿಟ್ಟರೆ? ತಂಗಿಯ ಮದುವೆಗೆ ನಾಲ್ಕು ದಿನ ಮುಂಚೆಯೇ ಊರಿಗೆ ಬಂದೆ, ಆದರೆ ಮನಸ್ಸು ಮಾಮೂಲ್‌ಪೇಟೆಯ ಮಹಡಿಯಲ್ಲೇ ಕಾವಲು ಕೂತಿತ್ತು.

ಮದುವೆಯ ದಿನ ಅಪ್ಪನ ಕಂಪನಿಯೇ ಬಾರಿಸಿತು. ನನಗೆ ರೇಷ್ಮೆ ಸೀರೆ ಉಡಿಸಿ ಹೆಂಗಸರ ಸಾಲಿನಲ್ಲಿ ನಡೆಸಿದ್ದರು. ಕೆಂಪು ಕೋಟು ತೊಟ್ಟು ಸೈಡ್ ಡ್ರಮ್ ಹಿಡಿದು ನನ್ನ ಜಾಗದಲ್ಲಿ ನಡೆಯುತ್ತಿದ್ದವನು ಮುಂಡರಗಿ ಕಡೆಯ ಹೊಸಬ. ಬೀಗರ ಕಡೆಯ ಹೆಂಗಸೊಬ್ಬರು, ಬೆಂಗಳೂರಿನವರಿಗೆ ಇಂಥ ಗದ್ದಲ ರೂಢಿ ಇರಲಿಕ್ಕಿಲ್ಲ ಎಂದು, ನನಗೆ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಟ್ಟರು. ಸಂಜೆ ಮೈಸೂರಿನ ವೀಡಿಯೋ ಬಂತು. ಕಾರ್ತಿಕ್ ಆ ನಾಲ್ಕು ಸುತ್ತನ್ನು ಒಂದು ಪೆಟ್ಟೂ ತಪ್ಪದೆ ಬಾರಿಸಿದ್ದ. ಮುಂಡರಗಿಯವನೂ ಬೆಳಗಿನಿಂದ ಒಂದು ಪೆಟ್ಟೂ ತಪ್ಪಿಸಿರಲಿಲ್ಲ. ಇಬ್ಬರೂ ಚೆನ್ನಾಗಿಯೇ ಬಾರಿಸಿದರು. ಅದಕ್ಕೇ ನನಗೆ ಅಳು ಬಂತು.

ವೀಡಿಯೋದ ಕೆಳಗೆ ಮಹೇಶ ಬರೆದಿದ್ದ: “ಯಾವಾಗ ಬರ್ತೀಯ?” ಅದನ್ನು ಓದುತ್ತಿರುವಾಗ ಅಪ್ಪ ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು.

“ಯಾವಾಗ ಹೊಂಟಿ ಯವ್ವಾ?” ಎಂದು ಕೇಳಿದರು.

ಇಬ್ಬರಿಗೂ ಸೋಮವಾರ ಎಂದೇ ಹೇಳಿದೆ.