ಕಾಕು, ಶೇರು ಮತ್ತು ಅಳತೆಯ ಊಟ

ಬಿಸಿನೀರಿನಲ್ಲಿ ನೆನೆದ ನಾಯಿ ಆಹಾರದ ವಾಸನೆ ಅಡುಗೆಮನೆ ತುಂಬಿತ್ತು. ಸಂಭಾಜಿನಗರದ ನಮ್ಮ ಮನೆಗೆ ಗ್ರೇಟ್ ಡೇನ್ ಮರಿ ಬಂದು ವಾರವಾಗಿತ್ತಷ್ಟೇ. ಪಶುವೈದ್ಯರು ಹೇಳಿದ ಅಳತೆಯಷ್ಟೇ ಹಾಕಿದ್ದೆ. ಆ ವಾಸನೆಗೆ ಕಾಕು ನೆನಪಾದರು…

ನಾಶಿಕ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಬೀದರ ಕಡೆಯವರು. ಅಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ, ನಾವೂ ಹಾಗೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮರುವರ್ಷ ಇಂಥದ್ದೇ ಒಂದು ಮರಿ ತಂದು ಶೇರು ಎಂದು ಹೆಸರಿಟ್ಟರು. ಹಾಲು, ತುಪ್ಪ ಸವರಿದ ರೊಟ್ಟಿ, ಮೇಲೆ ಕ್ಯಾಲ್ಸಿಯಂ ಪುಡಿ. ಅದು ಬೇಡಿದಷ್ಟೂ ಹಾಕಿದರು. ಮರಿ ಕರುವಿನಂತೆ ಬೆಳೆಯಿತು. ಆದರೆ ಮುಂಗಾಲುಗಳು ಬಾಗತೊಡಗಿದವು.

ವೈದ್ಯರ ಬಳಿಗೆ ನಾನೂ ಜೊತೆಗೆ ಹೋಗಿದ್ದೆ. ದೊಡ್ಡ ಜಾತಿಯ ಮರಿ ಬೇಗ ಬೆಳೆಯಬಾರದು, ಎಳೆಯ ಮೂಳೆ ಆ ಭಾರ ತಾಳುವುದಿಲ್ಲ ಎಂದರು. ಹಾಲು, ರೊಟ್ಟಿ, ಪುಡಿ ನಿಲ್ಲಿಸಿ, ನಾಯಿ ಆಹಾರವನ್ನೇ ನೆನೆಸಿ ಅಳೆದು ಹಾಕಿ, ಎಷ್ಟು ಅತ್ತರೂ ಮೇಲೊಂದು ತುತ್ತು ಬೇಡ.

ಅಂದಿನಿಂದ ಕಾಕು ಕೂತಲ್ಲಿ ಕೂರಲಿಲ್ಲ. ಮರಿ ಬಾಗಿಲು ಕೆರೆದು ಕುಂಯ್‌ಗುಟ್ಟುತ್ತಿತ್ತು. ಇವರು ಅಂಗಳಕ್ಕೆ, ಒಳಗೆ, ಮತ್ತೆ ಅಂಗಳಕ್ಕೆ… ಒಂದು ಮಧ್ಯಾಹ್ನ ರೊಟ್ಟಿಯ ಬುಟ್ಟಿ, ಹಾಲಿನ ಪಾತ್ರೆ ಎರಡನ್ನೂ ತಂದು ನನ್ನ ಕೈಗಿಟ್ಟರು.

"ನಿಮ್ಮನ್ಯಾಗ ಇಟ್ಕೋ ತಂಗಿ. ನಾ ಕೇಳಿದ್ರೂ ಕೊಡಬ್ಯಾಡ."

"ಅದರ ಕಾಲು ನೆಟ್ಟಗಾಗ್ಲಿ ಅಂತ ಅಲ್ಲೇನ್ರಿ ಕಾಕು ಇದೆಲ್ಲ?"

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು. "ನಮ್ಮನಿಯವರು ದವಾಖಾನ್ಯಾಗ ಒಂದ್ ಚಮಚ ಹಾಲು ಕೇಳಿದ್ರು. ಡಾಕ್ಟರ್ ಬ್ಯಾಡ ಅಂದಿದ್ರು, ನಾ ಕೊಡಲಿಲ್ಲ. ಹಂಗೇ ಹೋದ್ರು. ಈಗ ಇದೂ ಹಂಗೇ ನೋಡ್ತದ…"

ನಾನು ಬುಟ್ಟಿ, ಪಾತ್ರೆ ಒಳಗಿಟ್ಟು ಬಂದೆ. ಅಷ್ಟು ಸಂಕಟವಿದ್ದರೂ ಅವರು ಮನಸ್ಸು ಸಡಿಲಿಸಲಿಲ್ಲ. ಹಸಿದ ಮರಿಯ ಎದುರು ತುತ್ತು ಇಳಿಯದೆ, ತಾವೂ ನಮ್ಮಲ್ಲೇ ಉಣ್ಣತೊಡಗಿದರು. ಊಟದ ಮಧ್ಯೆ ಮರಿಯ ದನಿ ಕೇಳಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಕಾಲುಗಳು ನೆಟ್ಟಗಾದವು. ಶೇರು ಬೀದಿಯುದ್ದ ಓಡಿದ ದಿನ ಕಾಕು ಮೆಟ್ಟಿಲ ಮೇಲೆ ಕುಸಿದು ಕೂತು, ಸುತ್ತಲಿನವರ ಪರಿವೆಯಿಲ್ಲದೆ ಅತ್ತರು.

ಮದುವೆಯಾಗಿ ನಾನು ಈ ಊರಿಗೆ ಬಂದೆ. ಫೋನು ಕಡಿಮೆಯಾಯಿತು. ಮೊದಲು ಶೇರು ಹೋಯಿತು, ಆಮೇಲೆ ಅವರು. ಎರಡೂ ಸುದ್ದಿ ತಡವಾಗಿ ಮುಟ್ಟಿದವು…

ಈಗ ನಮ್ಮ ಮರಿ ಬಾಗಿಲಾಚೆ ಅಳುತ್ತಿದೆ. ಮಾಡುತ್ತಿರುವುದು ಸರಿ ಎಂದು ಗೊತ್ತು. ಆದರೂ ಮನಸ್ಸು ತಡೆಯುತ್ತಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸುತ್ತದೆ. ಹೇಳಿದರೆ ಅರ್ಥವಾಗುತ್ತಿದ್ದವರು ಒಬ್ಬರೇ, ಅವರಿಲ್ಲ.